ಕಿಂಡಲ್‌ನಲ್ಲಿ ಜೀವನಪೂರ್ತಿ ಉಚಿತ ಇಂಟರ್ನೆಟ್ ಸಿಗುತ್ತದೆಯೇ? ಅಂದು ನಿಜವಾಗಿದ್ದ ಮಾತು ಇಂದು ಸುಳ್ಳಾದದ್ದು ಹೇಗೆ?

"ಕಿಂಡಲ್ 3ಜಿ ತಗೊಂಡ್ರೆ ರೀಚಾರ್ಜ್ ಬೇಡ, ಸಿಮ್ ಬೇಡ, ವೈ-ಫೈ ಬೇಡ. ಜಗತ್ತಿನ ಯಾವ ಮೂಲೆಯಲ್ಲಾದರೂ ಜೀವನಪೂರ್ತಿ ಉಚಿತ ಇಂಟರ್ನೆಟ್. ಇಮೇಲ್, ಗೂಗಲ್, ವಿಕಿಪೀಡಿಯ ಎಲ್ಲಾ ಫ್ರೀ." ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಹಳೆಯ ಸಾಮಾನು ಮಾರುವ ಆ್ಯಪ್‌ಗಳಲ್ಲಿ ಹಳೆಯ ಇ-ರೀಡರ್‌ನ ಚಿತ್ರದ ಕೆಳಗೂ "ಫ್ರೀ 3ಜಿ" ಎಂಬ ಎರಡು ಪದ ಕಾಣಿಸಬಹುದು.

ಬೀಳಗಿಯಂಥ ಊರಿನಲ್ಲಿ ಈ ಎರಡು ಪದಗಳಿಗೆ ಬೆಲೆ ಇದೆ. ಮಗ ಪಿಡಿಒ ಪರೀಕ್ಷೆಗೋ ಕೆಎಎಸ್ ಪರೀಕ್ಷೆಗೋ ಓದುತ್ತಿದ್ದಾನೆ ಎಂದುಕೊಳ್ಳಿ. ಫೋನ್ ಕೊಟ್ಟರೆ ರೀಲ್ಸ್ ನೋಡುತ್ತಾನೆ ಎಂಬ ಚಿಂತೆ, ಪುಸ್ತಕ ಕೊಳ್ಳಲು ಬಾಗಲಕೋಟೆಗೋ ವಿಜಯಪುರಕ್ಕೋ ಹೋಗಬೇಕೆಂಬ ತಾಪತ್ರಯ. ಅಂಥ ಹೊತ್ತಿನಲ್ಲಿ ಯಾರೋ "ಕಾಕಾ, ಇದಕ್ಕ ರೀಚಾರ್ಜ್ ಬ್ಯಾಡ, ಏನೂ ಬ್ಯಾಡ, ಒಮ್ಮೆ ತಗೊಂಡ್ರ ಮುಗೀತು" ಎಂದರೆ, ಕಬ್ಬಿನ ಬಿಲ್ಲಿನಿಂದ ಮೂರು-ನಾಲ್ಕು ಸಾವಿರ ತೆಗೆದು ಕೊಟ್ಟುಬಿಡಬಹುದು. ಮನೆಗೆ ತಂದು ಆನ್ ಮಾಡಿದ ಮೇಲೆ ಇಂಟರ್ನೆಟ್ ಬರುವುದಿಲ್ಲ. ಮಾರಿದವನ ಫೋನೂ ಹತ್ತುವುದಿಲ್ಲ.

ಆದ್ದರಿಂದ ಈ ಮಾತನ್ನು ಬುಡದಿಂದ ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಈ ಸಂದೇಶ ಪೂರ್ತಿ ಕಟ್ಟುಕಥೆಯಲ್ಲ, ಅವಧಿ ಮುಗಿದ ಸತ್ಯ. 2010ರ ಸುಮಾರಿಗೆ ಕೆಲವು ಕಿಂಡಲ್‌ಗಳಲ್ಲಿ ಮೊಬೈಲ್ ನೆಟ್‌ವರ್ಕ್ ಮೂಲಕ ಹಣ ಕೊಡದೆ ವೆಬ್ ನೋಡಲು ಸಾಧ್ಯವಿತ್ತು. ಅದು ಆಗಲೂ ಎಲ್ಲ ದೇಶಗಳಲ್ಲಿ ಒಂದೇ ರೀತಿ ಇರಲಿಲ್ಲ. ಆಮೇಲೆ ಮಿತಿ ಬಂತು, ಹೊಸ ಮಾದರಿಗಳಲ್ಲಿ ಸೌಲಭ್ಯ ಕಡಿಮೆಯಾಯಿತು, ಕೊನೆಗೆ 3ಜಿ ನೆಟ್‌ವರ್ಕ್‌ಗಳೇ ಮುಚ್ಚತೊಡಗಿದವು. ಇಂದು "ಉಚಿತ ಇಂಟರ್ನೆಟ್" ಸಿಗುತ್ತದೆಂದು ಹಳೆಯ ಇ-ರೀಡರ್‌ಗೆ ಒಂದು ರೂಪಾಯಿ ಹೆಚ್ಚು ಕೊಟ್ಟರೂ ಅದು ನಷ್ಟ. ಪುಸ್ತಕ ಓದಲು ಮಾತ್ರ ಅದೇ ಯಂತ್ರ ಇಂದಿಗೂ ಚೆನ್ನಾಗಿ ಕೆಲಸಕ್ಕೆ ಬರಬಹುದು. ಹೇಗೆಂದು ಕೊನೆಯಲ್ಲಿ ಹೇಳುತ್ತೇವೆ.

ಇ-ರೀಡರ್ ಎಂದರೇನು?

ಇದು ಪುಸ್ತಕ ಓದಲೆಂದೇ ಮಾಡಿದ ಯಂತ್ರ. ನೋಡಲು ಟ್ಯಾಬ್‌ನಂತಿದ್ದರೂ ಪರದೆ ಬೇರೆ. ಫೋನ್ ಪರದೆ ಒಳಗಿನಿಂದ ಬೆಳಕು ಚೆಲ್ಲುತ್ತದೆ. ಇ-ಇಂಕ್ ಪರದೆಯಲ್ಲಿ ಕಪ್ಪು ಮತ್ತು ಬಿಳಿ ಬಣ್ಣದ ಅತಿ ಸಣ್ಣ ಕಣಗಳಿರುತ್ತವೆ. ವಿದ್ಯುತ್ ಸೂಚನೆ ಕೊಟ್ಟಾಗ ಅವು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟ ಹಾಗೇ ನಿಲ್ಲಲು ವಿದ್ಯುತ್ ಬೇಡ, ಪುಟ ಬದಲಾಗುವಾಗ ಮಾತ್ರ ಬೇಕು. ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬಾಳುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲೂ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಕಣಗಳು ಸರಿಯಲು ಸಮಯ ಹಿಡಿಯುವುದರಿಂದ ವೀಡಿಯೊಗೆ ಇದು ಒಗ್ಗುವುದಿಲ್ಲ. ವೆಬ್ ಪುಟವನ್ನು ಬೆರಳಿನಿಂದ ಸರ್ರನೆ ಸರಿಸಲೂ ಆಗುವುದಿಲ್ಲ.

"ಉಚಿತ ಇಂಟರ್ನೆಟ್" ಮಾತು ಹುಟ್ಟಿದ್ದೆಲ್ಲಿ?

ಅಮೆಜಾನ್ ಕಂಪನಿ ಮೊದಲ ಕಿಂಡಲ್ ಅನ್ನು 2007ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಬೆಲೆ 399 ಡಾಲರ್. ಅದರೊಳಗೆ ಒಂದು ಮೊಬೈಲ್ ಮೋಡೆಮ್ ಇತ್ತು. ಕಂಪ್ಯೂಟರಿಗೆ ಜೋಡಿಸದೆ, ಯಾವ ಮೊಬೈಲ್ ಕಂಪನಿಗೂ ಬಿಲ್ ಕಟ್ಟದೆ, ಕುಳಿತಲ್ಲೇ ಪುಸ್ತಕ ಕೊಂಡು ಒಂದೆರಡು ನಿಮಿಷದಲ್ಲಿ ಓದಲು ಶುರುಮಾಡಬಹುದಿತ್ತು. ಈ ವ್ಯವಸ್ಥೆಗೆ ಕಂಪನಿ ಇಟ್ಟ ಹೆಸರು ವಿಸ್ಪರ್‌ನೆಟ್.

ಭಾರತದ ಓದುಗರಿಗೆ ಬಾಗಿಲು ತೆರೆದದ್ದು 2009ರ ಅಕ್ಟೋಬರ್‌ನಲ್ಲಿ. ಆಗ ಬಂದ ಅಂತರರಾಷ್ಟ್ರೀಯ ಕಿಂಡಲ್ 2 ಅನ್ನು ನೂರಕ್ಕೂ ಹೆಚ್ಚು ದೇಶಗಳಿಗೆ ಕಳಿಸಲಾಗುತ್ತಿತ್ತು, ಭಾರತವೂ ಅದರಲ್ಲಿತ್ತು. ಘೋಷಣೆಯ ದಿನದ ಬೆಲೆ 279 ಡಾಲರ್. ಅಂದಿನ ಲೆಕ್ಕದಲ್ಲಿ ಸುಮಾರು 13,000 ರೂಪಾಯಿ, ಸುಂಕ ಮತ್ತು ಸಾಗಣೆ ಬೇರೆ. ಅದರೊಳಗಿದ್ದದ್ದು ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿಯ ಸಂಪರ್ಕ. ಬೇರೆ ದೇಶಗಳಲ್ಲಿ ಅದು ರೋಮಿಂಗ್‌ನಲ್ಲಿ ಅಲ್ಲಿನ ಟವರ್‌ಗಳನ್ನು ಹಿಡಿಯುತ್ತಿತ್ತು.

ಹೆಚ್ಚು ಹೆಸರು ಮಾಡಿದ್ದು 2010ರ ಆಗಸ್ಟ್‌ನಲ್ಲಿ ಕೈಸೇರಿದ ಮೂರನೆಯ ಪೀಳಿಗೆಯ ಕಿಂಡಲ್. ಮುಂದೆ ಇದಕ್ಕೆ ಕಿಂಡಲ್ ಕೀಬೋರ್ಡ್ ಎಂಬ ಹೆಸರು ಬಂತು. ವೈ-ಫೈ ಮಾತ್ರ ಇರುವುದಕ್ಕೆ 139 ಡಾಲರ್, 3ಜಿ ಕೂಡ ಇರುವುದಕ್ಕೆ 189 ಡಾಲರ್. ಅದರ ಮೆನುವಿನಲ್ಲಿ "ಪ್ರಾಯೋಗಿಕ" ಎಂಬ ವಿಭಾಗವಿತ್ತು. ಅಲ್ಲಿ ಒಂದು ವೆಬ್ ಬ್ರೌಸರ್ ಕುಳಿತಿತ್ತು. 50 ಡಾಲರ್ ಹೆಚ್ಚು ಕೊಟ್ಟವರಲ್ಲಿ ಹಲವರು ಪುಸ್ತಕಕ್ಕಿಂತ ಈ ಬ್ರೌಸರ್‌ನ ಗುಟ್ಟನ್ನೇ ಗೆಳೆಯರಿಗೆ ಹೇಳತೊಡಗಿದರು. "ಜೀವನಪೂರ್ತಿ ಉಚಿತ ಇಂಟರ್ನೆಟ್" ಎಂಬ ಮಾತಿನ ಬೇರು ಇಲ್ಲಿದೆ.

"ಪ್ರಾಯೋಗಿಕ" ಎಂಬ ಪದವನ್ನು ಗಮನಿಸಿ. ಕಂಪನಿ ಭರವಸೆ ಕೊಟ್ಟದ್ದು ಪುಸ್ತಕ ತಲುಪಿಸುವುದಕ್ಕೆ. ವೆಬ್ ನೋಡುವ ಅವಕಾಶವನ್ನು ಪ್ರಯೋಗವೆಂದೇ ಹೇಳಿತ್ತು. ಅದು ಯಾವ ದೇಶದಲ್ಲಿ ಎಷ್ಟು ಸಿಗುತ್ತದೆ ಎಂಬುದೂ ಬೇರೆ ಬೇರೆಯಾಗಿತ್ತು. ಕೆಲವು ಕಡೆ ವಿಕಿಪೀಡಿಯ ಮಾತ್ರ ತೆರೆಯುತ್ತಿತ್ತು.

ಹಾಗಾದರೆ ಆ ಹಣ ಕೊಟ್ಟವರು ಯಾರು?

ಟವರ್ ನಡೆಸುವ ಯಾವ ಕಂಪನಿಯೂ ಡೇಟಾವನ್ನು ಪುಕ್ಕಟೆ ಕೊಡುವುದಿಲ್ಲ. ಅಮೆಜಾನ್ ಮೊಬೈಲ್ ಕಂಪನಿಗೆ ಹಣ ಕಟ್ಟುತ್ತಿತ್ತು. ಆ ಹಣವನ್ನು ಯಂತ್ರದ ಬೆಲೆಯಲ್ಲಿ, ಪುಸ್ತಕದ ಬೆಲೆಯಲ್ಲಿ, ಲೇಖಕರ ಪಾಲಿನಲ್ಲಿ ಹಿಂದಕ್ಕೆ ಪಡೆಯುತ್ತಿತ್ತು.

ಲೇಖಕರ ಪಾಲಿನಲ್ಲಿ ಎಂದರೆ ಹೇಗೆ? ಕಿಂಡಲ್‌ನಲ್ಲಿ ಸ್ವಂತವಾಗಿ ಪುಸ್ತಕ ಪ್ರಕಟಿಸುವವರು ಶೇ. 70ರ ರಾಯಧನ ಆರಿಸಿಕೊಂಡರೆ ಪ್ರತಿ ಪ್ರತಿಗೂ "ತಲುಪಿಸುವ ವೆಚ್ಚ" ಕಡಿತವಾಗುತ್ತದೆ. ಅಮೆರಿಕದಲ್ಲಿ ಅದು ಎಂಬಿಗೆ 15 ಸೆಂಟ್, ಭಾರತದ ಅಂಗಡಿಯಲ್ಲಿ ಎಂಬಿಗೆ 7 ರೂಪಾಯಿ. ಹಾಗಾಗಿ ಪುಸ್ತಕದ ಕಡತ ಚಿಕ್ಕದಿದ್ದಷ್ಟೂ ಎಲ್ಲರಿಗೂ ಲಾಭ.

ಈಗ ಒಂದು ಲೆಕ್ಕ ಹಾಕೋಣ. ಯುನಿಕೋಡ್‌ನ ಸಾಮಾನ್ಯ ಬಳಕೆಯ ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಪುಟಕ್ಕೆ 1,500 ಸಂಕೇತಗಳಂತೆ 200 ಪುಟದ ಕಾದಂಬರಿಗೆ 3 ಲಕ್ಷ ಸಂಕೇತ, ಅಂದರೆ ಸುಮಾರು 9 ಲಕ್ಷ ಬೈಟ್. ಒಂದು ಎಂಬಿಯೂ ಆಗಲಿಲ್ಲ. ಇ-ಪುಸ್ತಕದ ಕಡತದಲ್ಲಿ ಇದನ್ನು ಇನ್ನೂ ಒತ್ತಿ ಚಿಕ್ಕದಾಗಿಸಲಾಗುತ್ತದೆ. ಇಡೀ ಕಾದಂಬರಿಯೇ ಇಷ್ಟಾದರೆ, ಚಿತ್ರಗಳಿರುವ ಒಂದು ಸುದ್ದಿ ಪುಟ 2–3 ಎಂಬಿ ಇರಬಹುದು. ಒಂದು ನಿಮಿಷದ ವೀಡಿಯೊ ಅದಕ್ಕಿಂತಲೂ ಹೆಚ್ಚು.

ತಿಂಗಳಿಗೆ ನಾಲ್ಕು ಪುಸ್ತಕ ಓದುವ ಗ್ರಾಹಕ ಬಳಸುವುದು ನಾಲ್ಕೈದು ಎಂಬಿ. ಅಷ್ಟನ್ನು ಕಂಪನಿ ಸಂತೋಷದಿಂದ ಭರಿಸುತ್ತದೆ. ಅದೇ ಗ್ರಾಹಕ ದಿನವಿಡೀ ವೆಬ್ ನೋಡಿದರೆ ಕಂಪನಿಗೆ ನಷ್ಟ. ಇದು ಒಂದು ಹೊಲಕ್ಕೆಂದು ಬಿಟ್ಟ ಕಾಲುವೆ ನೀರಿನಂತೆ. ಹಾಯುವ ದಾರಿಯಲ್ಲಿ ಒಬ್ಬಿಬ್ಬರು ಕೊಡ ತುಂಬಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಎಲ್ಲರೂ ಪಂಪ್ ಇಟ್ಟರೆ ತೂಬು ಮುಚ್ಚುತ್ತಾರೆ.

ಇಮೇಲ್ ನಿಜವಾಗಿ ಬರುತ್ತಿತ್ತೇ?

ಬರುತ್ತಿತ್ತು, ಆದರೆ ಎರಡು ಬೇರೆ ವಿಷಯಗಳನ್ನು ಜನ ಒಂದೇ ಎಂದುಕೊಂಡರು.

ಮೊದಲನೆಯದು, ಬ್ರೌಸರ್‌ನಲ್ಲಿ ಜಿಮೇಲ್ ತೆರೆಯುವುದು. ನಿಧಾನದ ಸಂಪರ್ಕ ಇರುವವರಿಗೆಂದು ಜಿಮೇಲ್‌ನಲ್ಲಿ ಒಂದು ಸರಳ ರೂಪವಿತ್ತು: ಚಿತ್ರ-ಅಲಂಕಾರ ಇಲ್ಲದ ಬರಿ ಪಠ್ಯದ ಪಟ್ಟಿ. ಕಿಂಡಲ್ ಕೀಬೋರ್ಡ್‌ನ ಸಣ್ಣ ಗುಂಡಿಗಳನ್ನು ಒತ್ತಿ ಎರಡು ಸಾಲಿನ ಉತ್ತರ ಬರೆಯಲು ಅಷ್ಟು ಸಾಕಾಗುತ್ತಿತ್ತು. ಪರದೆ 6 ಇಂಚು, 600 ಗುಣಿಸು 800 ಚುಕ್ಕೆಗಳು, ಬೂದು ಬಣ್ಣದ 16 ಛಾಯೆಗಳು. ಪ್ರಯಾಣದಲ್ಲಿ ತುರ್ತಿಗೆ ಒಂದು ಮೇಲ್ ನೋಡಲು ಅಡ್ಡಿಯಿರಲಿಲ್ಲ, ದಿನನಿತ್ಯದ ಕೆಲಸಕ್ಕೆ ಆಗುತ್ತಿರಲಿಲ್ಲ.

ಎರಡನೆಯದು, ಪ್ರತಿ ಕಿಂಡಲ್‌ಗೂ ಸಿಗುವ ಒಂದು ಇಮೇಲ್ ವಿಳಾಸ. ಇದು ಪತ್ರ ವ್ಯವಹಾರಕ್ಕೆ ಅಲ್ಲ. ಆ ವಿಳಾಸಕ್ಕೆ ಕಡತ ಕಳಿಸಿದರೆ ಅದು ಕಿಂಡಲ್‌ನಲ್ಲಿ ಪುಸ್ತಕದಂತೆ ಬಂದು ಕೂರುತ್ತದೆ. ಇದು ಒಂದು ಕಡೆಯ ಬಾಗಿಲು, ಅಲ್ಲಿಂದ ಉತ್ತರ ಕಳಿಸಲಾಗದು. 3ಜಿ ಮೂಲಕ ಹೀಗೆ ಸ್ವಂತ ಕಡತ ತರಿಸಿಕೊಂಡರೆ ಅದು ಉಚಿತವೂ ಆಗಿರಲಿಲ್ಲ. ಅಮೆರಿಕದ ಹೊರಗೆ ಪ್ರತಿ ಎಂಬಿಗೆ 99 ಸೆಂಟ್ ಶುಲ್ಕವಿತ್ತು. ವೈ-ಫೈ ಮೂಲಕ ತರಿಸಿಕೊಂಡರೆ ಮಾತ್ರ ಶುಲ್ಕವಿಲ್ಲ. "ಎಲ್ಲಾ ಫ್ರೀ" ಎನ್ನುವ ಫಾರ್ವರ್ಡ್‌ಗಳಲ್ಲಿ ಈ ಮಾತು ಇರುವುದೇ ಇಲ್ಲ.

ಬಾಗಿಲು ಒಂದೊಂದಾಗಿ ಮುಚ್ಚಿದ್ದು ಹೀಗೆ

2011ರಲ್ಲಿ ಕಿಂಡಲ್ ಟಚ್ 3ಜಿ ಬಂತು. ಅದರಲ್ಲಿ 3ಜಿ ಮೂಲಕ ತೆರೆಯುತ್ತಿದ್ದದ್ದು ಪುಸ್ತಕದ ಅಂಗಡಿ ಮತ್ತು ವಿಕಿಪೀಡಿಯ ಮಾತ್ರ. ಉಳಿದ ಜಾಲತಾಣಗಳಿಗೆ ವೈ-ಫೈ ಬೇಕಾಯಿತು. ಅಂದರೆ ಹೆಸರಿನಲ್ಲಿ 3ಜಿ ಇದ್ದ ಮಾತ್ರಕ್ಕೆ ವೆಬ್ ಸಿಗುತ್ತದೆ ಎಂಬುದು ಆಗಲೇ ಸುಳ್ಳಾಗಿತ್ತು.

2012ರಲ್ಲಿ ಕಿಂಡಲ್ ಕೀಬೋರ್ಡ್ 3ಜಿ ಬಳಸುವವರಿಗೂ ತಿಂಗಳಿಗೆ 50 ಎಂಬಿ ಎಂಬ ಮಿತಿ ಎದುರಾಯಿತು. ಮೇಲಿನ ಲೆಕ್ಕದಲ್ಲಿ ಹದಿನೇಳು-ಇಪ್ಪತ್ತೈದು ಸುದ್ದಿ ಪುಟಗಳಿಗೆ ತಿಂಗಳ ಪಾಲು ಮುಗಿಯಿತು.

2016ರ ಮಾರ್ಚ್‌ನಲ್ಲಿ ಇನ್ನೊಂದು ಗಡುವು ಬಂತು. ಹಳೆಯ ಕಿಂಡಲ್‌ಗಳು ಮಾರ್ಚ್ 22ರೊಳಗೆ ಹೊಸ ತಂತ್ರಾಂಶ ಹಾಕಿಕೊಳ್ಳಬೇಕು, ಇಲ್ಲವಾದರೆ ಅಂಗಡಿಯ ಸಂಪರ್ಕ ಸಿಗದು ಎಂದು ಕಂಪನಿ ಹೇಳಿತು. ಆ ದಿನ ದಾಟಿದ ಯಂತ್ರಗಳಿಗೆ ಕಂಪ್ಯೂಟರ್ ಮತ್ತು ಯುಎಸ್‌ಬಿ ಕೇಬಲ್ ಮೂಲಕ ಕೈಯಾರೆ ಹಾಕಬೇಕಾಯಿತು. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಕಿಂಡಲ್ ಇವತ್ತು ನಿಮ್ಮ ಕೈಗೆ ಬಂದರೆ ಅದು ಈ ಗಡುವನ್ನೇ ದಾಟಿರದಿರಬಹುದು.

2021ರಲ್ಲಿ ಅಮೆಜಾನ್ ತನ್ನ ಅಮೆರಿಕದ ಗ್ರಾಹಕರಿಗೆ ನೇರವಾಗಿ ತಿಳಿಸಿತು: ಮೊಬೈಲ್ ಕಂಪನಿಗಳು 2ಜಿ, 3ಜಿ ಮುಚ್ಚುತ್ತಿರುವುದರಿಂದ ಹಳೆಯ ಕಿಂಡಲ್‌ಗಳ ಮೊಬೈಲ್ ಸಂಪರ್ಕ ನಿಲ್ಲುತ್ತದೆ. 2022ರ ಫೆಬ್ರವರಿ 22ರಂದು ಎಟಿ ಆ್ಯಂಡ್ ಟಿ ಅಲ್ಲಿ ತನ್ನ 3ಜಿ ನಿಲ್ಲಿಸಿತು. ವೈ-ಫೈ ಇಲ್ಲದ ಮೊದಲ ಎರಡು ಪೀಳಿಗೆಯ ಕಿಂಡಲ್‌ಗಳು ಮೊಬೈಲ್ ಸಂಪರ್ಕ ನಿಂತ ಮೇಲೆ ಒಂಟಿಯಾದವು. ಒಳಗಿರುವ ಪುಸ್ತಕ ಓದಬಹುದು, ಹೊಸದನ್ನು ಕೇಬಲ್‌ನಿಂದ ಹಾಕಬಹುದು, ಅಷ್ಟೇ.

"ನಮ್ಮೂರಲ್ಲಿ ಟವರ್ ಫುಲ್ ಇದೆಯಲ್ಲ?"

ಇದು ಹೆಚ್ಚಿನವರು ಕೇಳುವ ಪ್ರಶ್ನೆ. ಬೀಳಗಿಯಲ್ಲಿ ಫೋನ್‌ಗೆ 4ಜಿ ಬರುವಾಗ ಕಿಂಡಲ್‌ಗೆ ಏಕೆ ಬಾರದು?

2ಜಿ, 3ಜಿ, 4ಜಿ ಒಂದೇ ರಸ್ತೆಯ ಅಗಲ-ಕಿರಿದು ಅಲ್ಲ, ಬೇರೆ ಬೇರೆ ರಸ್ತೆಗಳು. 3ಜಿ ಮೋಡೆಮ್‌ಗೆ 4ಜಿ ಭಾಷೆ ತಿಳಿಯದು. ಭಾರತದಲ್ಲಿ ಖಾಸಗಿ ಕಂಪನಿಗಳು 3ಜಿ ತರಂಗಾಂತರ ಪಡೆದದ್ದು 2010ರ ಹರಾಜಿನಲ್ಲಿ. 2016ರ ಸೆಪ್ಟೆಂಬರ್‌ನಲ್ಲಿ ಶುರುವಾದ ಜಿಯೋ ಬಳಿ ಮೊದಲಿನಿಂದಲೂ 3ಜಿ ಇರಲೇ ಇಲ್ಲ. ಏರ್‌ಟೆಲ್ 2019ರಲ್ಲಿ ಕೋಲ್ಕತ್ತಾದಿಂದ ಆರಂಭಿಸಿ ತನ್ನ 3ಜಿ ಮುಚ್ಚುತ್ತಾ ಬಂದು, ಆ ತರಂಗಗಳನ್ನು 4ಜಿಗೆ ಕೊಟ್ಟಿತು.

ಬೀಳಗಿ ತಾಲ್ಲೂಕಿನವರಿಗೆ ಇದನ್ನು ಹೇಳುವುದು ಸುಲಭ. ಆಲಮಟ್ಟಿ ಹಿನ್ನೀರು ಬಂದ ಮೇಲೆ ಹಳೆಯ ಊರಿಗೆ ಹೋಗುತ್ತಿದ್ದ ರಸ್ತೆ ನೀರಿನಡಿಗೆ ಹೋಯಿತು. ಹಳೆಯ ನಕ್ಷೆಯಲ್ಲಿ ಅದು ಇಂದಿಗೂ ಇದೆ. ನಿಮ್ಮ ಗಾಡಿಯೂ ಗಟ್ಟಿಯಾಗಿದೆ. ಆದರೆ ಹೋಗಲು ರಸ್ತೆಯೇ ಇಲ್ಲ. ಹಳೆಯ ಕಿಂಡಲ್‌ನ 3ಜಿ ಕಥೆಯೂ ಇದೇ. ಯಂತ್ರ ಕೆಟ್ಟಿಲ್ಲ, ದಾರಿ ಮುಳುಗಿದೆ.

2ಜಿ ಇನ್ನೂ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಕಿಂಡಲ್ ಟವರ್ ಹಿಡಿದರೆ ಸಾಲದು. ಒಳಗಿನ ಸಿಮ್‌ಗೆ ಕಂಪನಿಯ ರೋಮಿಂಗ್ ಒಪ್ಪಂದ ಜೀವಂತವಿರಬೇಕು, ಆ ಯಂತ್ರಕ್ಕೆ ಕಂಪನಿ ಸೇವೆ ಮುಂದುವರಿಸಿರಬೇಕು. ಅವೆರಡೂ ನಿಮ್ಮ ಕೈಯಲ್ಲಿಲ್ಲ, ಮಾರುವವನ ಕೈಯಲ್ಲೂ ಇಲ್ಲ. ಪರದೆಯ ಮೂಲೆಯಲ್ಲಿ ಸಿಗ್ನಲ್ ಕಡ್ಡಿ ಕಂಡರೆ ಅದು ಇಂಟರ್ನೆಟ್‌ಗೆ ಗ್ಯಾರಂಟಿ ಅಲ್ಲ.

ಸಿಮ್ ತೆಗೆದು ಫೋನ್‌ಗೆ ಹಾಕಿದರೆ? ಜಿಯೋ ಸಿಮ್ ಕಿಂಡಲ್‌ಗೆ ಹಾಕಿದರೆ?

ಎರಡೂ ಕೆಲಸಕ್ಕೆ ಬರುವ ಉಪಾಯವಲ್ಲ.

ಕಿಂಡಲ್‌ನ ಸಿಮ್ ಯಂತ್ರದ ಒಳಗಿರುತ್ತದೆ, ಹಿಂಭಾಗ ಬಿಚ್ಚದೆ ಕೈಗೆ ಸಿಗದು. ಸಿಕ್ಕಿದರೂ ಅದು ಸಾಮಾನ್ಯ ಸಿಮ್‌ನಂತೆ ಇಡೀ ಇಂಟರ್ನೆಟ್‌ಗೆ ಹೋಗುವುದಿಲ್ಲ. ಅದರ ಸಂಪರ್ಕ ಅಮೆಜಾನ್ ಸರ್ವರ್‌ಗಳ ಕಡೆಗೆ ಹೋಗಿ, ಯಾವ ಯಂತ್ರ ಕೇಳುತ್ತಿದೆ ಎಂದು ನೋಡಿ, ಅಲ್ಲಿಂದ ಮುಂದಕ್ಕೆ ಹೋಗುವ ವ್ಯವಸ್ಥೆ. ಕಿಂಡಲ್‌ನ ಉಚಿತ ಸಂಪರ್ಕವನ್ನು ಕಂಪ್ಯೂಟರಿಗೆ ಹಂಚಿಕೊಳ್ಳುವ ದಾರಿ ಹುಡುಕಿದವರು ಹಿಂದೆ ಇದ್ದರು. ಆದರೆ ಅದು ಬಳಕೆಯ ನಿಯಮಕ್ಕೆ ವಿರುದ್ಧ, ಕಂಪನಿಗೆ ಗೊತ್ತಾದರೆ ಆ ಯಂತ್ರದ ಸಂಪರ್ಕವನ್ನೇ ಕಡಿಯಬಹುದು.

ಇನ್ನು ಜಿಯೋ ಸಿಮ್. 3ಜಿ ಮೋಡೆಮ್‌ಗೆ ಜಿಯೋದ 4ಜಿ ಕಾಣಿಸುವುದೇ ಇಲ್ಲ. ಬೇರೆ ಕಂಪನಿಯ ಸಿಮ್ ಹಾಕಿದರೂ ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವ ಜಾಗವೇ ಕಿಂಡಲ್‌ನ ಮೆನುವಿನಲ್ಲಿಲ್ಲ. "200 ರೂಪಾಯಿ ಕೊಡಿ, ಅನ್‌ಲಾಕ್ ಮಾಡಿಕೊಡುತ್ತೇವೆ" ಎನ್ನುವವರಿಗೆ ಯಂತ್ರ ಕೊಡಬೇಡಿ.

ವೈ-ಫೈ ಕೊಟ್ಟರೂ ಜಿಮೇಲ್ ಏಕೆ ತೆರೆಯದು?

ಹಳೆಯ ಕಿಂಡಲ್‌ಗೆ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಬ್ರೌಸರ್ ತೆರೆದವರಿಗೂ ನಿರಾಸೆ ಆಗುತ್ತದೆ. ಕಾರಣ ಇಂಟರ್ನೆಟ್‌ನ ಬೀಗ ಬದಲಾಗಿದೆ.

ಜಾಲತಾಣದ ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆ ನೋಡಿರುತ್ತೀರಿ. ನಿಮ್ಮ ಯಂತ್ರ ಮತ್ತು ಜಾಲತಾಣ ಗುಟ್ಟಿನ ಭಾಷೆಯಲ್ಲಿ ಮಾತಾಡುತ್ತಿವೆ ಎಂದು ಅದರ ಅರ್ಥ. ಆ ಭಾಷೆಯ ಹಳೆಯ ಆವೃತ್ತಿಗಳಲ್ಲಿ ದೋಷ ಕಂಡುಬಂದು, ಮುಖ್ಯ ಬ್ರೌಸರ್‌ಗಳು 2020ರಲ್ಲಿ ಅವನ್ನು ಕೈಬಿಟ್ಟವು. 2010ರ ಯಂತ್ರಕ್ಕೆ ಹೊಸ ಆವೃತ್ತಿ ಬಾರದೆ ಇದ್ದರೆ ಜಾಲತಾಣ ಬಾಗಿಲು ತೆರೆಯುವುದಿಲ್ಲ. ಜೊತೆಗೆ ಜಾಲತಾಣಗಳ ಗುರುತಿನ ಚೀಟಿಯಂತಿರುವ ಪ್ರಮಾಣಪತ್ರಗಳಿಗೂ ಅವಧಿ ಇದೆ. 2021ರ ಸೆಪ್ಟೆಂಬರ್ 30ರಂದು ಬಹು ಬಳಕೆಯ ಅಂಥ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ ಜಗತ್ತಿನ ಅನೇಕ ಹಳೆಯ ಯಂತ್ರಗಳು ಒಮ್ಮೆಲೇ ಪರದಾಡಿದವು.

ಜಿಮೇಲ್‌ನ ಆ ಸರಳ ರೂಪವನ್ನೂ ಗೂಗಲ್ 2024ರ ಆರಂಭದಲ್ಲಿ ನಿಲ್ಲಿಸಿತು. ಹೀಗಾಗಿ "ಕಿಂಡಲ್‌ನಲ್ಲಿ ಜಿಮೇಲ್ ನೋಡಿ" ಎಂದು ಹೇಳುವ ಹಳೆಯ ವೀಡಿಯೊ ಇಂದು ನೋಡಿ ಮಾಡಿದರೆ ಆಗದು. ಮಾಡಿದವರು ಸುಳ್ಳು ಹೇಳಿಲ್ಲ, ಕಾಲ ಸರಿದಿದೆ.

ಇದಕ್ಕಿಂತ ಮುಖ್ಯವಾದ ಮಾತು: ವರ್ಷಗಳಿಂದ ಭದ್ರತಾ ಅಪ್‌ಡೇಟ್ ಕಾಣದ ಯಂತ್ರದಲ್ಲಿ ನಿಮ್ಮ ಇಮೇಲ್ ಪಾಸ್‌ವರ್ಡ್ ಒತ್ತಬೇಡಿ. ಇಂದು ಇಮೇಲ್ ಎಂದರೆ ಬರಿ ಪತ್ರವಲ್ಲ. ಬ್ಯಾಂಕ್ ಖಾತೆ, ಡಿಜಿಲಾಕರ್, ಪರೀಕ್ಷೆಯ ಅರ್ಜಿ ಎಲ್ಲಕ್ಕೂ ಅದೇ ಬೀಗದಕೈ.

ಕನ್ನಡ ಕಾಣುತ್ತದೆಯೇ?

ಮಾರುವವರು ಹೇಳದ ಇನ್ನೊಂದು ವಿಷಯವಿದು. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕಿಂಡಲ್ ಅಂಗಡಿಗೆ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಳೆಯ ಕಿಂಡಲ್‌ಗಳಲ್ಲಿ ಕನ್ನಡ ಪಠ್ಯ ತೆರೆದರೆ ಅಕ್ಷರದ ಬದಲು ಚೌಕ ಕಾಣಬಹುದು, ಅಥವಾ ಒತ್ತಕ್ಷರ, ಗುಣಿತದ ಚಿಹ್ನೆಗಳು ಕಳಚಿ ಬೇರೆ ಬೇರೆ ನಿಲ್ಲಬಹುದು. ಕನ್ನಡ ಅಕ್ಷರ ಮೂಡಲು ಫಾಂಟ್ ಒಂದೇ ಸಾಲದು, ವ್ಯಂಜನ-ಒತ್ತು-ಸ್ವರಗಳನ್ನು ಜೋಡಿಸುವ ತಂತ್ರಾಂಶವೂ ಬೇಕು.

ಪಿಡಿಎಫ್‌ನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಫಾಂಟ್ ಮತ್ತು ಜೋಡಣೆ ಕಡತದೊಳಗೇ ಇರುವುದರಿಂದ ಕನ್ನಡ ಸರಿಯಾಗಿ ಕಾಣುತ್ತದೆ. ಆದರೆ 6 ಇಂಚಿನ ಪರದೆಯಲ್ಲಿ ದೊಡ್ಡ ಪುಟವಿಟ್ಟರೆ ಅಕ್ಷರ ಇರುವೆ ಸಾಲಿನಂತಾಗುತ್ತದೆ. ಯಂತ್ರವನ್ನು ಅಡ್ಡ ತಿರುಗಿಸಿ ಅರ್ಧ ಪುಟದಂತೆ ಓದಿದರೆ ಸ್ವಲ್ಪ ಸುಲಭ.

ಬರಿ ಕನ್ನಡ ಪುಸ್ತಕ ಓದುವುದೇ ಗುರಿಯಾದರೆ ನಿಮ್ಮ ಕೈಯಲ್ಲಿರುವ ಫೋನೇ ಮೇಲು. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ಗಳಲ್ಲಿ ಕನ್ನಡ ಇ-ಪುಸ್ತಕಗಳಿವೆ. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ, ಸರ್ಕಾರದ ಕಣಜ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ, ಕನ್ನಡ ವಿಕಿಸೋರ್ಸ್‌ಗಳಲ್ಲಿ ಹಣ ಕೊಡದೆ ಓದಬಹುದು. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ.

ಹಾಗಾದರೆ ಮನೆಯಲ್ಲಿರುವ ಹಳೆಯ ಕಿಂಡಲ್ ಏನು ಮಾಡುವುದು?

ಎಸೆಯಬೇಡಿ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗಳು ತಂದುಕೊಟ್ಟ ಕಿಂಡಲ್ ಇದ್ದರೆ ಹೀಗೆ ಮಾಡಿ ನೋಡಿ:

1. ಮೊಬೈಲ್ ಸಂಪರ್ಕ ಆಫ್ ಮಾಡಿ. ಕಿಂಡಲ್ ಕೀಬೋರ್ಡ್ ಬ್ಯಾಟರಿ ಸಂಪರ್ಕ ಆಫ್ ಇದ್ದರೆ ಒಂದು ತಿಂಗಳು, ಆನ್ ಇದ್ದರೆ 10 ದಿನ ಎಂದು ಕಂಪನಿಯೇ ಹೇಳಿತ್ತು. ಸಿಗದ ಟವರ್ ಹುಡುಕುತ್ತಾ ಕುಳಿತರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ.

2. ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ಪಿಡಿಎಫ್ ಕಡತಗಳನ್ನು ಡಾಕ್ಯುಮೆಂಟ್ಸ್ ಎಂಬ ಫೋಲ್ಡರ್‌ಗೆ ನಕಲಿಸಿ. ಇದಕ್ಕೆ ಯಾವ ನೆಟ್‌ವರ್ಕ್ ಕೂಡ ಬೇಡ.

3. ವೈ-ಫೈ ಇರುವ ಮಾದರಿಯಾದರೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ. ಹಳೆಯ ಯಂತ್ರಗಳು 5 ಗಿಗಾಹರ್ಟ್ಸ್ ಹಿಡಿಯುವುದಿಲ್ಲ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 2.4 ಗಿಗಾಹರ್ಟ್ಸ್ ಆರಿಸಿ, ಭದ್ರತೆಯನ್ನು ಡಬ್ಲ್ಯುಪಿಎ2 ಎಂದು ಇಡಿ. ಪುಸ್ತಕ ಇಳಿದ ಮೇಲೆ ಆಫ್ ಮಾಡಿ. ಒಂದು ಎಂಬಿಯ ಪುಸ್ತಕಕ್ಕೆ ನಿಮ್ಮ ದಿನದ ಡೇಟಾದಲ್ಲಿ ಲೆಕ್ಕಕ್ಕೆ ಬರದಷ್ಟು ಖರ್ಚಾಗುತ್ತದೆ.

4. ಯಂತ್ರ ಇನ್ನೂ ನಿಮ್ಮ ಖಾತೆಗೆ ಜೋಡಣೆಯಾಗಿದ್ದರೆ, ಅದರ ಇಮೇಲ್ ವಿಳಾಸಕ್ಕೆ ಫೋನಿನಿಂದ ಪಿಡಿಎಫ್ ಕಳಿಸಬಹುದು. ಮೊದಲು ನಿಮ್ಮ ಇಮೇಲ್ ವಿಳಾಸವನ್ನು ಅಮೆಜಾನ್ ಖಾತೆಯ ಒಪ್ಪಿಗೆ ಪಟ್ಟಿಗೆ ಸೇರಿಸಬೇಕು, ಇಲ್ಲವಾದರೆ ಕಡತ ತಲುಪದು.

ಇಮೇಲ್ ಮತ್ತು ವೆಬ್‌ಗೆ ಫೋನ್, ಓದಿಗೆ ಕಿಂಡಲ್. ಈ ಹಂಚಿಕೆಯಲ್ಲಿ ಒಂದು ಲಾಭವೂ ಇದೆ. ನೋಟಿಫಿಕೇಶನ್ ಬಾರದ ಯಂತ್ರದಲ್ಲಿ ಪರೀಕ್ಷೆಗೆ ಓದುವವರ ಗಮನ ಕದಲುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ

- "ಫ್ರೀ 3ಜಿ" ಎಂಬ ಮಾತಿಗೆ ಬೆಲೆ ಕಟ್ಟಬೇಡಿ. 3ಜಿ ಇಲ್ಲದ ಕಿಂಡಲ್‌ಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಿ.
- ವೈ-ಫೈ ಇದೆಯೇ ಎಂದು ಕೇಳಿ. ಕಿಂಡಲ್ 1 ಮತ್ತು 2ರಲ್ಲಿ ಇಲ್ಲ.
- ನಿಮ್ಮ ಎದುರಿಗೇ ಆನ್ ಮಾಡಿಸಿ, ನಿಮ್ಮ ಹಾಟ್‌ಸ್ಪಾಟ್‌ಗೆ ಜೋಡಿಸಿ, ಒಂದು ಪಿಡಿಎಫ್ ತೆರೆದು ನೋಡಿ.
- ಮಾರುವವರು ತಮ್ಮ ಖಾತೆಯಿಂದ ಆ ಯಂತ್ರವನ್ನು ತೆಗೆಯಬೇಕು. ಬೇರೆಯವರ ಖಾತೆಯಲ್ಲಿ ಉಳಿದರೆ ನೀವು ಒತ್ತುವ ಗುಂಡಿಗೆ ಅವರ ಹಣ ಖರ್ಚಾಗಬಹುದು. ಕಳವಾದ ಯಂತ್ರವೆಂದು ದೂರಿದ್ದರೆ ಅದು ಹೊಸ ಖಾತೆಗೆ ಸೇರದೆಯೂ ಇರಬಹುದು.
- ಹೊಸ ಕಿಂಡಲ್ ಪೇಪರ್‌ವೈಟ್ ಕೊಳ್ಳುವವರಿಗೂ ಒಂದು ಮಾತು: 2021ರ ಮಾದರಿಯಿಂದ ಈಚೆಗೆ ಅದರಲ್ಲಿ ಮೊಬೈಲ್ ಸಂಪರ್ಕವೇ ಇಲ್ಲ, ವೈ-ಫೈ ಮಾತ್ರ.

ಉಚಿತ ಇಂಟರ್ನೆಟ್ ಎಂಬ ಲಿಂಕ್ ಬಂದರೆ

ಯಂತ್ರ ಮಾರುವ ಮಾತಿಗಿಂತ ಅಪಾಯದ್ದು "ಈ ಲಿಂಕ್ ಒತ್ತಿ, ಉಚಿತ ಇಂಟರ್ನೆಟ್ ಪಡೆಯಿರಿ" ಎಂಬ ಸಂದೇಶ. ಕೋವಿಡ್ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಸರ್ಕಾರ ಉಚಿತ ಡೇಟಾ ಕೊಡುತ್ತಿದೆ ಎಂದು ಇಂಥದ್ದೇ ಸಂದೇಶ ಹರಿದಾಡಿತ್ತು, ಪಿಐಬಿ ಫ್ಯಾಕ್ಟ್ ಚೆಕ್ ಅದನ್ನು ಸುಳ್ಳೆಂದು ಹೇಳಿತ್ತು. ಅಂಥ ಲಿಂಕ್‌ನಲ್ಲಿ ಮೊಬೈಲ್ ಸಂಖ್ಯೆ, ಒಟಿಪಿ, ಪಾಸ್‌ವರ್ಡ್ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಗ್ರೂಪಿಗೆ ಕಳಿಸಲು ನಾಲ್ಕು ಸಾಲು

ಕಿಂಡಲ್ 3ಜಿಯಲ್ಲಿ ಜೀವನಪೂರ್ತಿ ಉಚಿತ ಇಂಟರ್ನೆಟ್ ಎಂಬುದು ಹಳೆಯ ಮಾತು, ಇಂದು ನಂಬಬೇಡಿ.
ಅದು ಪುಸ್ತಕ ತಲುಪಿಸಲು ಕಂಪನಿ ಕೊಟ್ಟಿದ್ದ ದಾರಿ. ಮೊದಲು ಮಿತಿ ಬಂತು, ಆಮೇಲೆ 3ಜಿಯೇ ಮುಚ್ಚುತ್ತಾ ಬಂತು.
ಹಳೆಯ ಕಿಂಡಲ್‌ನಲ್ಲಿ ಇಮೇಲ್ ಪಾಸ್‌ವರ್ಡ್ ಒತ್ತಬೇಡಿ. ಕೇಬಲ್ ಅಥವಾ ಹಾಟ್‌ಸ್ಪಾಟ್‌ನಿಂದ ಪುಸ್ತಕ ಹಾಕಿಕೊಂಡು ಓದಿ.
"ಫ್ರೀ 3ಜಿ" ಎಂದು ಹೆಚ್ಚು ಹಣ ಕೇಳಿದರೆ, ನಿಮ್ಮ ಎದುರಿಗೇ ಒಂದು ಜಾಲತಾಣ ತೆರೆದು ತೋರಿಸಲು ಹೇಳಿ.

ನಿಮಗೆ ಆ ಸಂದೇಶ ಕಳಿಸಿದವರನ್ನು ಗದರಿಸಬೇಕಿಲ್ಲ. ಅವರಿಗೆ ಅದನ್ನು ಹೇಳಿದವರು 2010ರಲ್ಲಿ ನಿಜವನ್ನೇ ಹೇಳಿರಬಹುದು. ಇನ್ನು ಮುಂದೆ ತಂತ್ರಜ್ಞಾನದ ಯಾವ ಫಾರ್ವರ್ಡ್ ಬಂದರೂ "ಇದು ನಿಜವೇ?" ಎಂಬುದರ ಜೊತೆಗೆ "ಇದು ಯಾವ ವರ್ಷದ ಮಾತು?" ಎಂದೂ ಕೇಳಿಕೊಂಡು ಆಮೇಲೆ ಹಂಚಿಕೊಳ್ಳಿ.